ಕೆಂಚನ ಜೊತೆ ಸಾಗರಕ್ಕೆ: ನಾಯಿಯನ್ನು ಕಾರಿನಲ್ಲಿ ಕರ್ಕೊಂಡು ಹೋಗೋ ಮುಂಚೆ ಕಲಿಯಬೇಕಾದ ಪಾಠಗಳು

ಈ ಲೇಖನಕ್ಕೆ ನಾವು ಮೊದಲು ಇಟ್ಟಿದ್ದ ಹೆಸರು ‘ನಾಯಿ ಜೊತೆ ಲಾಂಗ್ ಡ್ರೈವ್: ಹತ್ತು ಟಿಪ್ಸ್’. ಆಮೇಲೆ ಬದಲಾಯಿಸಿದ್ವಿ. ಯಾಕಂದ್ರೆ ಟಿಪ್ಸ್ ಕೊಡೋಕೆ ನಮಗೇನಾದ್ರೂ ಗೊತ್ತಿದ್ರೆ ಅದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ ಗೊತ್ತಾಗಿದ್ದು. ಆ ತಪ್ಪಿನಿಂದಲೇ ಶುರು ಮಾಡ್ತೀವಿ.

ಕೆಂಚ ನಮ್ಮ ಗ್ಯಾಂಗಿನ ಒಬ್ಬ ಗೆಳೆಯನ ಮನೆಯ ನಾಯಿ. ಬೀದಿಯಲ್ಲಿ ಸಿಕ್ಕಿದ ಮರಿ, ಈಗ ನಾಲ್ಕು ವರ್ಷ, 15 ಕೆ.ಜಿ. ತೂಕ. ಹೋದ ಡಿಸೆಂಬರ್‌ನಲ್ಲಿ ಗೆಳೆಯನ ಮನೆಯವರು ಬಾಡಿಗೆ ಮನೆ ಬದಲಾಯಿಸಬೇಕಾಗಿ ಬಂತು. ನೋಡಿದ ಮನೆಗಳಲ್ಲೆಲ್ಲ ಒಂದೇ ಮಾತು: ‘ನಾಯಿ ಇದ್ರೆ ಆಗಲ್ಲ’. ಕೊನೆಗೆ ಸಾಗರದ ಹತ್ತಿರ ತೋಟದ ಮನೆಯಲ್ಲಿರೋ ಅವನ ಅಜ್ಜಿ ಫೋನಿನಲ್ಲಿ, ‘ಇಲ್ಲಿಗೆ ತಂದು ಬಿಡ್ರೋ, ನಾ ಅನ್ನ ಹಾಕ್ತೀನಿ’ ಅಂದ್ರು.

ಬೆಂಗಳೂರಿನಿಂದ ಸಾಗರಕ್ಕೆ ಹತ್ತಿರ ಹತ್ತಿರ 370 ಕಿ.ಮೀ. ರೈಲಿನಲ್ಲೂ ನಾಯಿ ಕರ್ಕೊಂಡು ಹೋಗಬಹುದು. ಆದರೆ ಎಸಿ ಫಸ್ಟ್ ಕ್ಲಾಸ್‌ನ ಕೂಪೆ ಪೂರ್ತಿ ನಮ್ಮದೇ ಆಗಿರಬೇಕು, ಇಲ್ಲಾಂದ್ರೆ ಅದನ್ನು ಗಾರ್ಡ್ ವ್ಯಾನಿನ ಡಾಗ್ ಬಾಕ್ಸ್‌ನಲ್ಲಿ ಹಾಕಬೇಕು. ಮೊದಲನೆಯದಕ್ಕೆ ದುಡ್ಡಿರಲಿಲ್ಲ, ಎರಡನೆಯದಕ್ಕೆ ಮನಸ್ಸಿರಲಿಲ್ಲ. ಗೆಳೆಯನ ಅಪ್ಪನ ಕಾರು ಇತ್ತು, ಲೈಸೆನ್ಸ್ ಇತ್ತು. ನಾವು ನಾಲ್ಕು ಜನ ‘ಹೋಗೋಣ ಬಾ’ ಅಂತ ಹೊರಟೇ ಬಿಟ್ವಿ. ‘777 ಚಾರ್ಲಿ’ ನೋಡಿದವರಿಗೆ ಧರ್ಮ ಬೈಕಿಗೆ ಸೈಡ್‌ಕಾರ್ ಕಟ್ಟಿಸಿ ಚಾರ್ಲಿಗೆ ಹಿಮ ತೋರಿಸೋಕೆ ಹೊರಡೋದು ನೆನಪಿರುತ್ತೆ. ನಮ್ಮ ತಲೆಯಲ್ಲೂ ಅದೇ ಸಿನಿಮಾ ಓಡ್ತಿತ್ತು.

ಆವತ್ತು ಏನಾಯ್ತು

ಜನವರಿಯ ಭಾನುವಾರ. ಬೆಳಗ್ಗೆ ಆರಕ್ಕೆ ಹೊರಡಬೇಕು ಅಂತ ಇದ್ದದ್ದು ಎಂಟೂವರೆ ಆಯ್ತು. ಪ್ರಯಾಣ ಉದ್ದ ಇದೆ ಅಂತ ಕೆಂಚನಿಗೆ ಹೊಟ್ಟೆ ತುಂಬ ಅನ್ನ, ಮೊಟ್ಟೆ ಹಾಕಿದ್ವಿ. ಅವನು ಅಲ್ಲಿವರೆಗೆ ಕಾರು ಹತ್ತಿದ್ದು ಡಾಕ್ಟರ ಹತ್ತಿರ ಇಂಜೆಕ್ಷನ್‌ಗೆ ಮಾತ್ರ. ಹತ್ತಿಸುವಾಗಲೇ ನಡುಗುತ್ತಿದ್ದ. ನೆಲಮಂಗಲ ಬರೋ ಹೊತ್ತಿಗೆ ತಿಂದದ್ದೆಲ್ಲ ಸೀಟಿನ ಮೇಲೆ ಬಂತು.

ಹತ್ತೂವರೆಗೆ ಕ್ಯಾತ್ಸಂದ್ರ. ಅಲ್ಲಿಗೆ ಹೋಗಿ ತಟ್ಟೆ ಇಡ್ಲಿ ತಿನ್ನದೆ ಬರೋದು ಹೇಗೆ? ಭಾನುವಾರ ಬೇರೆ, ಜನವೋ ಜನ. ‘ಹತ್ತೇ ನಿಮಿಷ’ ಅಂತ ಕೆಂಚನನ್ನು ಕಾರಿನಲ್ಲೇ ಬಿಟ್ಟು, ಕಿಟಕಿ ಎರಡು ಬೆರಳಷ್ಟು ಇಳಿಸಿ ಹೋದ್ವಿ. ಬೆಳಗ್ಗೆ ನಾವು ಸ್ವೆಟರ್ ಹಾಕ್ಕೊಂಡಿದ್ವಿ, ಹಾಗಾಗಿ ಬಿಸಿಲಿನ ಯೋಚನೆಯೇ ಬರಲಿಲ್ಲ. ಹತ್ತು ನಿಮಿಷ ಇಪ್ಪತ್ತೈದಾಯ್ತು.

ವಾಪಸ್ ಬಂದು ಬಾಗಿಲು ತೆಗೆದಾಗ ಒಳಗಿನಿಂದ ಬಂದ ಬಿಸಿ ಮುಖಕ್ಕೆ ಹೊಡೀತು. ಕೆಂಚ ಸೀಟಿನ ಕೆಳಗೆ ಬಿದ್ದಿದ್ದ. ನಾಲಿಗೆ ಪೂರ್ತಿ ಹೊರಗೆ, ಜೊಲ್ಲು ಹಗ್ಗದ ಹಾಗೆ ಇಳೀತಿತ್ತು, ಒಸಡು ಕೆಂಪಗಾಗಿತ್ತು. ಹೆಸರು ಕರೆದ್ರೆ ಕಣ್ಣು ತಿರುಗಿಸಲಿಲ್ಲ. ಕೆಳಗಿಳಿಸಿ ನಿಲ್ಲಿಸಿದ್ರೆ ಹಿಂಗಾಲು ಮಡಚಿ ಬಿದ್ದ.

ಪಕ್ಕದಲ್ಲಿ ಎಳನೀರು ಮಾರ್ತಿದ್ದ ಅಣ್ಣ ಓಡಿ ಬಂದು, ‘ಏನ್ ನೋಡ್ತಾ ನಿಂತಿದ್ದೀರಾ, ನೀರು ಹಾಕ್ರೋ ಮೈಮೇಲೆ’ ಅಂತ ಬೈದು ತನ್ನ ಕೊಡ ಕೊಟ್ರು. ನೀರು ಸುರಿದು, ಪುಸ್ತಕದಲ್ಲಿ ಗಾಳಿ ಬೀಸಿ, ತುಮಕೂರಿನಲ್ಲಿ ಒಬ್ಬ ಪಶುವೈದ್ಯರನ್ನು ಹುಡುಕಿ ಹೋದ್ವಿ. ಡ್ರಿಪ್ ಹಾಕಿದ್ರು. ಸಂಜೆ ಹೊತ್ತಿಗೆ ಕೆಂಚ ಬಾಲ ಅಲ್ಲಾಡಿಸಿದ. ಡಾಕ್ಟರ್ ನಮ್ಮನ್ನು ಬೈಲಿಲ್ಲ. ‘ಇನ್ನೊಂದು ಹದಿನೈದು ನಿಮಿಷ ಆಗಿದ್ರೆ ನನ್ನ ಹತ್ತಿರ ಬರೋ ಕೆಲಸ ಇರ್ತಿರಲಿಲ್ಲ’ ಅಂದ್ರು ಅಷ್ಟೇ. ಸಾಗರ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದ್ವಿ. ದಾರಿಯಲ್ಲಿ ಯಾರೂ ಮಾತಾಡಲಿಲ್ಲ.

ಮನೆ ಖಾಲಿ ಮಾಡೋಕೆ ಫೆಬ್ರವರಿ ಕೊನೆವರೆಗೆ ಟೈಮ್ ಇತ್ತು. ಆ ಐದು ವಾರದಲ್ಲಿ ನಾವು ಓದಿ, ಡಾಕ್ಟರನ್ನು ಕೇಳಿ, ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಪಾಠದ ಹಾಗೆ ಬರೀತಿದ್ದೀವಿ.

ಪಾಠ 1: ನಿಂತ ಕಾರು ಒಂದು ಒಲೆ

2005ರಲ್ಲಿ ‘ಪೀಡಿಯಾಟ್ರಿಕ್ಸ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರ ಒಂದು ಅಧ್ಯಯನ ಬಂದಿದೆ. ಮಕ್ಕಳನ್ನು ಕಾರಿನಲ್ಲಿ ಬಿಟ್ಟು ಹೋದಾಗ ಆಗೋ ಅಪಾಯದ ಬಗ್ಗೆ ಮಾಡಿದ ಅಧ್ಯಯನ ಅದು. ಹೊರಗೆ ಬರೀ 22 ಡಿಗ್ರಿ ಸೆಲ್ಸಿಯಸ್ ಇದ್ರೂ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ 47 ಡಿಗ್ರಿವರೆಗೆ ಏರಬಹುದು ಅಂತ ಅದರಲ್ಲಿದೆ. ಆ ಏರಿಕೆಯಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತೆ. ಕಿಟಕಿ ಸ್ವಲ್ಪ ಇಳಿಸಿಟ್ರೆ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಏನೂ ಆಗಲ್ಲ. ನಮ್ಮ ಇಪ್ಪತ್ತೈದು ನಿಮಿಷ, ಎರಡು ಬೆರಳು ಕಿಟಕಿ, ಎರಡಕ್ಕೂ ಇಲ್ಲಿ ಉತ್ತರ ಸಿಕ್ಕಿತು.

ಕಾರಣ ಸರಳ. ಬಿಸಿಲು ಗಾಜಿನ ಮೂಲಕ ಸುಲಭವಾಗಿ ಒಳಗೆ ಬರುತ್ತೆ. ಸೀಟು, ಡ್ಯಾಶ್‌ಬೋರ್ಡ್ ಅದನ್ನು ಹೀರಿ ಬಿಸಿಯಾಗ್ತವೆ. ಆ ಬಿಸಿ ಇನ್‌ಫ್ರಾರೆಡ್ ರೂಪದಲ್ಲಿ ಹೊರಗೆ ಹೋಗೋಣ ಅಂದ್ರೆ ಗಾಜು ಬಿಡಲ್ಲ. ಬಿಸಿ ಗಾಳಿ ಮೇಲೆದ್ದು ಹೋಗೋಣ ಅಂದ್ರೆ ದಾರಿ ಇಲ್ಲ. ಗ್ರೀನ್‌ಹೌಸ್ ಎಫೆಕ್ಟ್ ಬಗ್ಗೆ ಹೈಸ್ಕೂಲಿನಿಂದ ಫಸ್ಟ್ ಇಯರ್‌ವರೆಗೆ ನಾವು ಎಷ್ಟೋ ಸಲ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಕಾರಿನ ಬಾಗಿಲು ಹಾಕುವಾಗ ನಾಲ್ವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಪಾಠ 2: ನಾಯಿ ನಮ್ಮ ಹಾಗೆ ಬೆವರಲ್ಲ

ನಮಗೆ ಸೆಕೆ ಆದ್ರೆ ಮೈಯೆಲ್ಲ ಬೆವರುತ್ತೆ. ನಾಯಿಗೆ ಬೆವರು ಗ್ರಂಥಿ ಕೆಲಸ ಮಾಡೋದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ, ಅದೂ ಅಷ್ಟಕ್ಕಷ್ಟೆ. ಮೈ ತಣ್ಣಗಾಗಬೇಕು ಅಂದ್ರೆ ಏದುಸಿರು ಬಿಡಬೇಕು. ನಾಲಿಗೆ, ಬಾಯಿ, ಉಸಿರಿನ ದಾರಿಯ ತೇವ ಆವಿಯಾಗಿ ಹೋಗುತ್ತಾ ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತೆ. ಒಂದು ಗ್ರಾಂ ನೀರು ಆವಿಯಾದ್ರೆ ಸುಮಾರು 2,400 ಜೂಲ್ ಬಿಸಿ ಹೋದ ಹಾಗೆ.

ಇದು ನಮ್ಮ ಮನೆಯ ಏರ್ ಕೂಲರ್ ಇದ್ದ ಹಾಗೆ. ಕೂಲರ್ ಕಲಬುರಗಿಯ ಒಣ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ, ಮಂಗಳೂರಿನಲ್ಲಿ ಮಾಡಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ರೆ ನೀರು ಆವಿಯಾಗೋದು ಕಷ್ಟ. ಮುಚ್ಚಿದ ಕಾರಿನಲ್ಲಿ ನಾಯಿ ಏದುಸಿರು ಬಿಟ್ಟಷ್ಟೂ ಒಳಗಿನ ಗಾಳಿಗೆ ತೇವ ಸೇರುತ್ತೆ, ತೇವ ಹೆಚ್ಚಾದಷ್ಟೂ ಏದುಸಿರಿನ ಪ್ರಯೋಜನ ಕಡಿಮೆಯಾಗುತ್ತೆ. ಪಗ್ ತರಹದ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟು, ಅವಕ್ಕೆ ಅಪಾಯ ಇನ್ನೂ ಜಾಸ್ತಿ.

ನಾಯಿಯ ಮೈಯ ಸಾಮಾನ್ಯ ತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 40 ದಾಟಿದ್ರೆ ಎಚ್ಚರ ಆಗಬೇಕು. 41ರ ಮೇಲೆ ಹೋದ್ರೆ ಜೀವಕ್ಕೇ ಅಪಾಯ. ಅಂದ್ರೆ ಆರಾಮಕ್ಕೂ ಸಾವಿಗೂ ನಡುವೆ ಇರೋದು ಎರಡೇ ಎರಡು ಡಿಗ್ರಿ.

ಗುರುತುಗಳು ಹೀಗಿರ್ತವೆ: ನಿಲ್ಲದ ಏದುಸಿರು, ದಪ್ಪ ಜೊಲ್ಲು, ಕಡು ಕೆಂಪು ಒಸಡು, ತೂರಾಟ, ವಾಂತಿ, ಕರೆದ್ರೆ ಗಮನ ಕೊಡದೆ ಇರೋದು. ಕಂಡ ತಕ್ಷಣ ನೆರಳಿಗೆ ಒಯ್ಯಿರಿ, ಮೈಮೇಲೆ ಸಾಮಾನ್ಯ ನೀರು ಸುರಿಯುತ್ತಾ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತೆ. ಕುಡಿಯೋಕೆ ನೀರು ಇಡಿ, ಬಾಯಿಗೆ ಬಲವಂತವಾಗಿ ಹಾಕಬೇಡಿ. ತಣ್ಣಗೆ ಮಾಡೋದು ಮೊದಲು, ಡಾಕ್ಟರ ಹತ್ತಿರ ಓಡೋದು ಆಮೇಲೆ. ನಾಯಿ ಎದ್ದು ಓಡಾಡಿದ್ರೂ ಡಾಕ್ಟರಿಗೆ ತೋರಿಸಲೇಬೇಕು, ಒಳಗಿನ ಪೆಟ್ಟು ಹೊರಗೆ ಕಾಣಲ್ಲ. ಎಳನೀರು ಅಣ್ಣ ಇದನ್ನೆಲ್ಲ ಓದದೆಯೇ ಸರಿಯಾಗಿ ಹೇಳಿದ್ರು.

ಪಾಠ 3: ಕಾರಿನ ಅಭ್ಯಾಸ ಐದು ವಾರ ಮುಂಚೆ

ಪಾವ್ಲೋವ್‌ನ ನಾಯಿಗಳ ಕಥೆ ಎಲ್ಲರಿಗೂ ಗೊತ್ತು. ಊಟಕ್ಕೆ ಮುಂಚೆ ಒಂದೇ ಸದ್ದು ಕೇಳಿ ಕೇಳಿ, ಕೊನೆಗೆ ಬರೀ ಸದ್ದಿಗೇ ಜೊಲ್ಲು ಸುರಿಸೋಕೆ ಶುರು ಮಾಡಿದವು. ಕೆಂಚನಿಗೂ ಹಾಗೇ ಆಗಿತ್ತು. ನಾಲ್ಕು ವರ್ಷ ಕಾರು ಅಂದ್ರೆ ಸೂಜಿ, ಕೊನೆಗೆ ಕ್ಯಾತ್ಸಂದ್ರ. ಈ ಲೆಕ್ಕವನ್ನು ಉಲ್ಟಾ ಮಾಡಬೇಕಿತ್ತು.

ಮೊದಲ ವಾರ ಕಾರು ಸ್ಟಾರ್ಟ್ ಮಾಡಲೇ ಇಲ್ಲ. ನೆರಳಲ್ಲಿ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು, ಅವನ ತಟ್ಟೆಯನ್ನು ಮೊದಲು ಕಾರಿನ ಪಕ್ಕ ಇಟ್ವಿ. ಆಮೇಲೆ ಬಾಗಿಲ ಹತ್ತಿರ, ಆಮೇಲೆ ಸೀಟಿನ ಮೇಲೆ. ಮೂರು ದಿನ ಹತ್ತಿರವೇ ಬರಲಿಲ್ಲ. ನಾಲ್ಕನೇ ದಿನ ಮುಂಗಾಲು ಮಾತ್ರ ಒಳಗಿಟ್ಟು ಕೋಳಿ ತುಂಡು ಎಳ್ಕೊಂಡು ಓಡಿಹೋದ. ಎಳೆದು ಹತ್ತಿಸಬಾರದು ಅಂತ ಡಾಕ್ಟರ್ ಹೇಳಿದ್ರು, ನಾವು ಎಳೀಲಿಲ್ಲ.

ಎರಡನೇ ವಾರ ಎಂಜಿನ್ ಆನ್, ಕಾರು ನಿಂತಲ್ಲೇ. ಮೂರನೇ ವಾರ ಲೇಔಟಿನೊಳಗೆ ಒಂದು ಸುತ್ತು, ಕೊನೆಯಲ್ಲಿ ಪಾರ್ಕಿನಲ್ಲಿ ಆಟ. ನಾಲ್ಕನೇ ವಾರ 20 ಕಿ.ಮೀ., ಐದನೇ ವಾರ 60 ಕಿ.ಮೀ. ಪ್ರತಿ ಸಲ ಕಾರು ಹೋಗಿ ನಿಲ್ಲೋ ಜಾಗ ಅವನಿಗೆ ಇಷ್ಟವಾಗೋ ಜಾಗವೇ.

ಈ ಹೊತ್ತಿನಲ್ಲಿ ನಾವು ಕಲಿತ ಇನ್ನೊಂದು ವಿಷಯ ನಾಯಿಯ ಭಾಷೆ. ನಿದ್ದೆ ಬರದಿದ್ರೂ ಆಕಳಿಸೋದು, ಸುಮ್ಮನೆ ತುಟಿ ನೆಕ್ಕೋದು, ಕಿವಿ ಹಿಂದಕ್ಕೆ, ಬಾಲ ಕಾಲ ಸಂದಿಗೆ, ಕಣ್ಣಿನ ಬಿಳಿ ಭಾಗ ಕಾಣೋದು, ಎಲ್ಲ ‘ನನಗೆ ಹೆದರಿಕೆ ಆಗ್ತಿದೆ’ ಅನ್ನೋದರ ಗುರುತು. ಜನವರಿಯಲ್ಲಿ ಕೆಂಚ ಪದೇ ಪದೇ ಆಕಳಿಸಿದಾಗ ನಾವು ‘ಪಾಪ, ನಿದ್ದೆ ಬರ್ತಿದೆ’ ಅಂತ ನಕ್ಕಿದ್ವಿ. ಅವನು ಹೇಳ್ತಾನೇ ಇದ್ದ. ನಮಗೆ ಅರ್ಥ ಆಗಿರಲಿಲ್ಲ.

ಪಾಠ 4: ನಾಯಿಗೂ ಬೆಲ್ಟ್ ಬೇಕು

ತೊಡೆ ಮೇಲೆ ಕೂರಿಸಿಕೊಂಡ್ರೆ ಸಾಕಲ್ವಾ ಅನ್ನೋದು ನಮ್ಮ ಪ್ರಶ್ನೆಯೂ ಆಗಿತ್ತು. ಒಂದು ಸಣ್ಣ ಲೆಕ್ಕ ಮಾಡಿ ನೋಡಿದ್ವಿ.

ನಾಯಿಯ ತೂಕ 15 ಕೆ.ಜಿ., ಕಾರಿನ ವೇಗ ಗಂಟೆಗೆ 60 ಕಿ.ಮೀ., ಅಂದ್ರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಕಾರು ಯಾವುದಕ್ಕಾದ್ರೂ ಡಿಕ್ಕಿ ಹೊಡೆದು 0.1 ಸೆಕೆಂಡಿನಲ್ಲಿ ನಿಂತರೆ, ನಾಯಿಯನ್ನು ಹಿಡಿದು ನಿಲ್ಲಿಸೋಕೆ ಬೇಕಾದ ಬಲ 15 × 16.7 ÷ 0.1, ಅಂದ್ರೆ ಸುಮಾರು 2,500 ನ್ಯೂಟನ್. ಇದು 250 ಕೆ.ಜಿ.ಗಿಂತ ಜಾಸ್ತಿ ತೂಕವನ್ನು ಕೈಯಲ್ಲಿ ಹಿಡಿದ ಹಾಗೆ. ಇದೇ ವೇಗವನ್ನು ಎತ್ತರಕ್ಕೆ ಬದಲಾಯಿಸಿದ್ರೆ 14 ಮೀಟರ್ ಬರುತ್ತೆ. ನಾಲ್ಕನೇ ಮಹಡಿಯಿಂದ ಬಿದ್ದ ಹಾಗೆ. ಯಾವ ಕೈಯೂ ಹಿಡಿಯಲ್ಲ. ನಾಯಿಗೂ ಪೆಟ್ಟು, ಮುಂದೆ ಕೂತವರಿಗೂ ಪೆಟ್ಟು.

ಹಾಗಾಗಿ ಎದೆಗೆ ಹಾಕೋ ಹಾರ್ನೆಸ್, ಅದರಿಂದ ಸೀಟ್ ಬೆಲ್ಟಿನ ಲಾಕಿಗೆ ಒಂದು ಗಿಡ್ಡ ಪಟ್ಟಿ. ಕುತ್ತಿಗೆಯ ಕಾಲರ್‌ಗೆ ಕಟ್ಟಬಾರದು, ಎಳೆತಕ್ಕೆ ಕುತ್ತಿಗೆ ಸಿಗುತ್ತೆ. ಜಾಗ ಹಿಂದಿನ ಸೀಟು, ಮುಂದೆ ಏರ್‌ಬ್ಯಾಗ್ ಇರೋದರಿಂದ ಬೇಡ. ಕಿಟಕಿಯಿಂದ ತಲೆ ಹೊರಗೆ ಹಾಕಿಸೋದು ಫೋಟೋದಲ್ಲಿ ಚೆಂದ, ಹೈವೇನಲ್ಲಿ ಕಲ್ಲಿನ ಚೂರು, ಧೂಳು ನೇರ ಕಣ್ಣಿಗೆ.

ಪಾಠ 5: ಡಾಕ್ಟರ ಹತ್ತಿರ ಕೇಳಬೇಕಾದದ್ದು

ಹೊರಡೋಕೆ ಎರಡು ಮೂರು ವಾರ ಮುಂಚೆ ಹೋಗಿ. ರೇಬಿಸ್ ಮತ್ತು ಬೇರೆ ಲಸಿಕೆಗಳ ಟೈಮ್ ಆಗಿದೆಯಾ ನೋಡಿಸಿ, ಲಸಿಕೆ ಪುಸ್ತಕ ಜೊತೆಗೇ ಇಟ್ಟುಕೊಳ್ಳಿ. ವಾಂತಿ ಮಾಡೋ ನಾಯಿಗೆ ಮಾತ್ರೆ ಇದೆ, ಆದರೆ ತೂಕ ನೋಡಿ ಡಾಕ್ಟರೇ ಬರೆದು ಕೊಡಬೇಕು. ನಮ್ಮ ಮನೆಯ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ. ನಾವು ಜ್ವರಕ್ಕೆ, ನೋವಿಗೆ ನುಂಗೋ ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು.

ಮಲೆನಾಡಿಗೆ ಹೋಗೋರಿಗೆ ಇನ್ನೊಂದು ಮುಖ್ಯ ವಿಷಯ ಉಣ್ಣೆ, ಅಂದ್ರೆ ನಾಯಿ ಮೈಗೆ ಕಚ್ಚಿಕೊಳ್ಳೋ ರಕ್ತ ಹೀರೋ ಹುಳ. ಬೆಂಗಳೂರಿನಲ್ಲೂ ಉಣ್ಣೆಯಿಂದ ನಾಯಿಗಳಿಗೆ ಟಿಕ್ ಫೀವರ್ ಬರುತ್ತೆ. ಮಲೆನಾಡಿನಲ್ಲಿ ಕಾಡಿನ ಉಣ್ಣೆಯಿಂದ ಮನುಷ್ಯರಿಗೆ ಬರೋ ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಸಾಗರದ ಪಕ್ಕದ ತಾಲ್ಲೂಕು. ಬೇಸಿಗೆಗೆ ಮುಂಚಿನ ಒಣ ತಿಂಗಳುಗಳಲ್ಲಿ ಅದರ ಭಯ ಹೆಚ್ಚು. ಹಾಗಾಗಿ ನಾಯಿಗೆ ಉಣ್ಣೆ ಔಷಧಿ ಮೊದಲೇ ಹಾಕಿಸಿ, ಕಾಡಿನೊಳಗೆ ಬಿಡಬೇಡಿ, ಹೊರಗಿಂದ ಬಂದ ಮೇಲೆ ಕಿವಿ, ಕಂಕುಳು, ಬೆರಳ ಸಂದಿ ನೋಡಿ. ಮಳೆಗಾಲದಲ್ಲಾದ್ರೆ ಉಂಬಳದ ಕಾಟ ಬೇರೆ.

ಪಾಠ 6: ಊಟ, ನೀರು, ಬ್ಯಾಗು

ಹೊರಡೋಕೆ ಮೂರು ನಾಲ್ಕು ಗಂಟೆ ಮುಂಚೆ ಸ್ವಲ್ಪವೇ ಊಟ. ದಾರಿಯಲ್ಲಿ ಚೂರು ಚೂರು, ತಲುಪಿದ ಮೇಲೆ ಪೂರ್ತಿ. 15 ಕೆ.ಜಿ. ನಾಯಿಗೆ ದಿನಕ್ಕೆ ಮುಕ್ಕಾಲರಿಂದ ಒಂದು ಲೀಟರ್ ನೀರು ಬೇಕು, ಸೆಕೆ ಇದ್ರೆ ಇನ್ನೂ ಜಾಸ್ತಿ. ಮನೆಯ ನೀರೇ ಒಯ್ದರೆ ಹೊಟ್ಟೆ ಕೆಡಲ್ಲ.

ನಾವು ತಿನ್ನೋದನ್ನು ಕೊಡೋ ಮುಂಚೆ ಯೋಚಿಸಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ಒಳ್ಳೇದಲ್ಲ. ದ್ರಾಕ್ಷಿಯಿಂದ ಕಿಡ್ನಿಯೇ ಹೋಗಬಹುದು. ಪ್ರಸಾದದ ಕೇಸರಿಬಾತಿನಲ್ಲಿ ಒಣದ್ರಾಕ್ಷಿ ಇರುತ್ತೆ, ಈರುಳ್ಳಿ ದೋಸೆಯಲ್ಲಿ ಈರುಳ್ಳಿ.

ನಮ್ಮ ಬ್ಯಾಗಿನಲ್ಲಿ ಇದ್ದದ್ದು ಇಷ್ಟು:

- ಐದು ಲೀಟರ್ ನೀರು, ಅಗಲವಾದ ಬಟ್ಟಲು
- ಅವನು ದಿನಾ ತಿನ್ನೋ ಊಟ, ಎರಡು ದಿನಕ್ಕೆ
- ಅವನು ಮಲಗೋ ಹಳೇ ಬೆಡ್‌ಶೀಟ್, ಒಗೆಯದೆ (ವಾಸನೆ ಗೊತ್ತಿದ್ರೆ ಧೈರ್ಯ)
- ಹಳೇ ಟವೆಲ್ ನಾಲ್ಕು, ಪೇಪರ್, ಕವರ್
- ಲಸಿಕೆ ಪುಸ್ತಕ, ಮಾತ್ರೆ, ಥರ್ಮಾಮೀಟರ್
- ಗಟ್ಟಿ ಹಗ್ಗ ಒಂದು ಎಕ್ಸ್‌ಟ್ರಾ, ಕಾಲರಿನಲ್ಲಿ ಫೋನ್ ನಂಬರ್ ಇರೋ ಬಿಲ್ಲೆ
- ತಿಪಟೂರು, ಕಡೂರು, ಶಿವಮೊಗ್ಗ, ಸಾಗರದ ಪಶು ಆಸ್ಪತ್ರೆಗಳು ಎಲ್ಲಿವೆ ಅಂತ ಬರೆದ ಚೀಟಿ

ಕೊನೆಯದನ್ನು ಮೊಬೈಲಿನಲ್ಲಿ ಮಾತ್ರ ಇಟ್ಕೋಬೇಡಿ. ಗಾಬರಿಯಲ್ಲಿ ಹುಡುಕೋದು ಎಷ್ಟು ಕಷ್ಟ ಅಂತ ತುಮಕೂರಿನಲ್ಲಿ ನೋಡಿದ್ದೀವಿ.

ಪಾಠ 7: ಒಬ್ಬರು ಯಾವಾಗಲೂ ನಾಯಿ ಜೊತೆ

ಇದು ಎಲ್ಲಕ್ಕಿಂತ ಸಣ್ಣ ಪಾಠ, ಖರ್ಚೂ ಇಲ್ಲ. ಎಲ್ಲಿ ನಿಲ್ಲಿಸಿದ್ರೂ ನಾಯಿಯ ಜವಾಬ್ದಾರಿ ಒಬ್ಬರದು, ಹೆಸರು ಮೊದಲೇ ಬರೆದಿರಬೇಕು. ‘ಎಲ್ಲರೂ ನೋಡ್ಕೋತಾರೆ’ ಅಂದ್ರೆ ಯಾರೂ ನೋಡಲ್ಲ. ಕ್ಯಾತ್ಸಂದ್ರದಲ್ಲಿ ನಾಲ್ಕೂ ಜನ ಇನ್ನೊಬ್ಬ ಹೋಗಿ ನೋಡಿ ಬರ್ತಾನೆ ಅಂತ ಅಂದುಕೊಂಡಿದ್ವಿ. ಒಬ್ಬರೇ ಡ್ರೈವ್ ಮಾಡಿಕೊಂಡು ಹೋಗೋದಾದ್ರೆ ಊಟವನ್ನು ಕಟ್ಟಿಸಿಕೊಂಡು ಬಂದು ನಾಯಿ ಜೊತೆ ಮರದ ಕೆಳಗೆ ತಿನ್ನಬೇಕು ಅಷ್ಟೇ.

ಎರಡನೇ ಸಲ

ಫೆಬ್ರವರಿಯ ಕೊನೇ ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಹೊರಟ್ವಿ. ಕೆಂಚ ತಾನೇ ಹತ್ತಿದ. ಎರಡು ಗಂಟೆಗೊಮ್ಮೆ ನಿಲ್ಲಿಸೋದು ಅಂತ ಮೊದಲೇ ಲೆಕ್ಕ ಹಾಕಿದ್ವಿ: ಕ್ಯಾತ್ಸಂದ್ರ, ಅರಸೀಕೆರೆ ದಾಟಿ, ತರೀಕೆರೆ, ಶಿವಮೊಗ್ಗ. ಪ್ರತಿ ಸಲ ಬಾಗಿಲು ತೆಗೆಯೋ ಮುಂಚೆ ಹಗ್ಗ ಕೈಯಲ್ಲಿ ಇದೆಯಾ ನೋಡೋದು, ನೀರು, ಹತ್ತು ನಿಮಿಷ ನಡಿಗೆ.

ಕ್ಯಾತ್ಸಂದ್ರದಲ್ಲಿ ಈ ಸಲವೂ ತಟ್ಟೆ ಇಡ್ಲಿ ತಿಂದ್ವಿ. ಇಬ್ಬರು ಒಳಗೆ, ಇಬ್ಬರು ಹೊರಗೆ ಕೆಂಚನ ಜೊತೆ, ಆಮೇಲೆ ಅದಲು ಬದಲು. ಆ ಹೊತ್ತಿಗೆ ಎಳನೀರು ಅಣ್ಣ ಇನ್ನೂ ಬಂದಿರಲಿಲ್ಲ. ತೋರಿಸಿ ಹೋಗೋಣ ಅಂತ ತುಂಬ ಆಸೆ ಇತ್ತು.

ತರೀಕೆರೆ ದಾಟಿದ ಮೇಲೆ ಒಂದು ಸಲ ತುಟಿ ನೆಕ್ಕಿದ, ಆಕಳಿಸಿದ. ಈ ಸಲ ಯಾರೂ ನಗಲಿಲ್ಲ. ನಿಲ್ಲಿಸಿ ಇಳಿಸಿದ್ವಿ. ಐದು ನಿಮಿಷ ಹುಲ್ಲು ಮೂಸಿ, ತಾನೇ ವಾಪಸ್ ಬಂದು ಹತ್ತಿದ. ದಾರಿಯುದ್ದಕ್ಕೂ ಒಂದು ಸಲವೂ ವಾಂತಿ ಆಗಲಿಲ್ಲ.

ಸಾಗರ ತಲುಪಿದಾಗ ಮಧ್ಯಾಹ್ನ ಎರಡು. ಅಜ್ಜಿ ಅಂಗಳಕ್ಕೆ ಬಂದು, ‘ಅಂತೂ ಬಂದ್ಯಾ ಮಾರಾಯ’ ಅಂದ್ರು, ಮೊಮ್ಮಗನಿಗಲ್ಲ, ಕೆಂಚನಿಗೆ. ಹೊಸ ಜಾಗದಲ್ಲಿ ಮೊದಲ ಎರಡು ವಾರ ಹಗ್ಗ ಬಿಚ್ಚಬಾರದು, ಹಳೇ ಮನೆ ಹುಡುಕಿಕೊಂಡು ಓಡಬಹುದು ಅಂತ ಡಾಕ್ಟರ್ ಹೇಳಿದ್ದನ್ನು ಅಜ್ಜಿಗೆ ಹೇಳಿದ್ವಿ. ಅಜ್ಜಿ ನಮಗೇ ಪಾಠ ಮಾಡಿದ್ರು: ‘ಕತ್ತಲಾದ ಮೇಲೆ ಒಳಗೇ ಕಟ್ಟದು. ಇಲ್ಲಿ ಚಿರತೆ ಬರ್ತದೆ.’ ಅದು ನಮ್ಮ ಲಿಸ್ಟಿನಲ್ಲಿ ಇರಲಿಲ್ಲ. ಹೋಗೋ ಊರಿನವರನ್ನು ಕೇಳೋದೂ ತಯಾರಿಯ ಒಂದು ಭಾಗ ಅಂತ ಆವತ್ತು ಸೇರಿಸಿಕೊಂಡ್ವಿ.

ಮರುದಿನ ಹೊರಡುವಾಗ ಕೆಂಚ ಗೇಟಿನವರೆಗೆ ಬಂದು, ಕಾರಿನ ಹಿಂದಿನ ಬಾಗಿಲ ಹತ್ತಿರ ನಿಂತ. ತಾನೂ ಹತ್ತಬೇಕು ಅಂತ. ಐದು ವಾರ ಕಾರು ಅಂದ್ರೆ ಒಳ್ಳೇದು ಅಂತ ಕಲಿಸಿದವರು ನಾವೇ. ಗೆಳೆಯ ಸ್ಟಿಯರಿಂಗ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ.

ಈಗ ಪ್ರತಿ ಭಾನುವಾರ ಅಜ್ಜಿಗೆ ವೀಡಿಯೊ ಕಾಲ್ ಮಾಡ್ತೀವಿ. ಮೊದಲು ಕೆಂಚ, ಆಮೇಲೆ ಅಜ್ಜಿ. ದಸರಾ ರಜೆಗೆ ನಾವೇ ಹೋಗೋದು ಅಂತ ತೀರ್ಮಾನ ಆಗಿದೆ. ನೀವೂ ನಿಮ್ಮ ನಾಯಿಯನ್ನು ಊರಿಗೆ ಕರ್ಕೊಂಡು ಹೋಗೋದಿದ್ರೆ ಬ್ಯಾಗು ತುಂಬೋಕೆ ಒಂದು ದಿನ ಸಾಕು. ಕಾರಿನ ಅಭ್ಯಾಸ ಮಾತ್ರ ಇವತ್ತೇ ಶುರು ಮಾಡಿ. ಮತ್ತೆ ದಯವಿಟ್ಟು, ಹತ್ತೇ ನಿಮಿಷ ಅಂತ ಬಾಗಿಲು ಹಾಕಿ ಹೋಗಬೇಡಿ.